ಎದೆಯೊಳಗಿನ ಸುಣ್ಣ

ಹೃದಯದ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಮೊದಲು ಎಡವುವುದು 'ನರ' ಎಂಬ ಪದದಲ್ಲಿ. ಶಾಲೆಯ ಪುಸ್ತಕದಲ್ಲಿ ಅಪಧಮನಿ, ಅಭಿಧಮನಿ ಎಂದು ಓದಿದವರೂ ಮನೆಗೆ ಬಂದ ಮೇಲೆ 'ಹಾರ್ಟಿನ ನರ ಬ್ಲಾಕ್ ಆಗಿದೆ' ಎಂದೇ ಹೇಳುತ್ತಾರೆ. ಕೈಸೆಳೆತಕ್ಕೂ ನರ, ತಲೆಸುತ್ತಿಗೂ ನರ, ರಕ್ತ ಹರಿಯುವ ಕೊಳವೆಗೂ ನರ. ಇದನ್ನು ತಪ್ಪು ಎನ್ನಬೇಕಾಗಿಲ್ಲ, ಮರಾಠಿಯ 'ನಸ' ಕೂಡ ಹೀಗೇ ಎಲ್ಲದಕ್ಕೂ ಸಲ್ಲುತ್ತದೆ. ಆದರೆ ವೈದ್ಯರು ಎದುರು ಕೂತು 'ನಿಮ್ಮ ನರದಲ್ಲಿ ಕ್ಯಾಲ್ಸಿಯಂ ಕಟ್ಟಿದೆ' ಎಂದಾಗ ಕೇಳುವವರ ಮನಸ್ಸಿನಲ್ಲಿ ಏನು ಮೂಡುತ್ತದೆ?

ದಹಿಸರ್ ಪೂರ್ವದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿರುವ ಎಪ್ಪತ್ತರ ಹಿರಿಯರಿಗೆ ಮೂಡಿದ್ದು ಎಲೆಅಡಿಕೆಯ ಸುಣ್ಣದ ಡಬ್ಬಿ. ಕುಂದಾಪುರದ ಕಡೆಯವರು. ಕಟ್ಟಡದಲ್ಲಿ ಮರಾಠಿಗರು, ಗುಜರಾತಿಗಳು, ತುಳುವರು ಎಲ್ಲರಿಗೂ ಅವರು 'ಅಣ್ಣ'. ಮುಂಬಯಿಯಲ್ಲಿ ಉಡುಪಿ ಹೋಟೆಲಿನವರಿಗೆ ತಾನಾಗಿ ಅಂಟಿಕೊಳ್ಳುವ ಹೆಸರು ಅದು. 1968ರಲ್ಲಿ ಹದಿಮೂರರ ವಯಸ್ಸಿಗೆ ಬಸ್ಸು ಹತ್ತಿ ಬಂದರು. ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದರು, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದರು, ಆಮೇಲೆ ಒಂದು ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕೂತರು. ಸಕ್ಕರೆ ಕಾಯಿಲೆ ಬಂದು ಇಪ್ಪತ್ತೈದು ವರ್ಷ. ದಹಿಸರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಬಿಗಿಯುವುದು ಶುರುವಾದಾಗ ಮೊದಲು ಗ್ಯಾಸ್ ಎಂದುಕೊಂಡರು. ಹೋಟೆಲಿನವರು ಎಲ್ಲವನ್ನೂ ಮೊದಲು ಗ್ಯಾಸ್ ಎಂದೇ ಅಂದುಕೊಳ್ಳುತ್ತಾರೆ.

ಸುಣ್ಣದ ಡಬ್ಬಿಯ ಅವರ ಅನುಮಾನ ಭಾಷೆಯ ಮಟ್ಟಿಗೆ ನಿಜಕ್ಕೆ ಬಹಳ ಹತ್ತಿರವಾಗಿತ್ತು. ಕ್ಯಾಲ್ಸಿಯಂ ಎಂಬ ಹೆಸರು 1808ರಲ್ಲಿ ಹಂಫ್ರಿ ಡೇವಿ ಇಟ್ಟದ್ದು. ಅದರ ಬೇರು ಲ್ಯಾಟಿನ್ನಿನ 'ಕಾಲ್ಕ್ಸ್', ಅಂದರೆ ಸುಣ್ಣ. ವೈದ್ಯರು 'ಕ್ಯಾಲ್ಸಿಫಿಕೇಶನ್' ಎನ್ನುವುದನ್ನು 'ಸುಣ್ಣಗಟ್ಟುವುದು' ಎಂದರೆ ಎಲ್ಲೂ ಮೋಸವಾಗುವುದಿಲ್ಲ. ಇನ್ನೂ ಸೊಗಸಾದದ್ದು 'ಅಥೆರೋಮ'. ರಕ್ತನಾಳದ ಗೋಡೆಯಲ್ಲಿ ಕೂರುವ ಕೊಬ್ಬಿನ ಗಡ್ಡೆಗೆ ವೈದ್ಯರು ಕೊಟ್ಟ ಈ ಹೆಸರು ಗ್ರೀಕಿನ 'ಅಥೆರೆ'ಯಿಂದ ಬಂದದ್ದು. ಅಥೆರೆ ಎಂದರೆ ಗಂಜಿ. ಗಡ್ಡೆಯನ್ನು ಸೀಳಿದರೆ ಒಳಗೆ ಗಂಜಿಯಂಥದ್ದು ಕಾಣುತ್ತಿತ್ತು, ಅದಕ್ಕೆ ಆ ಹೆಸರು. ಕುಂದಾಪುರದವರಿಗೆ ಇಷ್ಟು ಹೇಳಿದರೆ ಅರ್ಧ ಪಾಠ ಮುಗಿಯಿತು: ಮೊದಲು ಗಂಜಿ ಕೂರುತ್ತದೆ, ವರ್ಷಗಳು ಕಳೆದಂತೆ ಅದು ಸುಣ್ಣವಾಗುತ್ತದೆ.

ಆದರೆ ಡಬ್ಬಿಯ ಸುಣ್ಣ ಹೃದಯಕ್ಕೆ ಹೋಗುವುದಿಲ್ಲ. ಅಣ್ಣನ ಹೆಂಡತಿ ಆ ವಾರವೇ ಹಾಲು ನಿಲ್ಲಿಸಿದ್ದರು, ರಾಗಿ ಅಂಬಲಿಯನ್ನೂ ನಿಲ್ಲಿಸಿದ್ದರು. ಎರಡಕ್ಕೂ ಕಾರಣವಿರಲಿಲ್ಲ. ರಕ್ತನಾಳದ ಸುಣ್ಣ ಹೊರಗಿನಿಂದ ಬಂದು ಕೂರುವ ಕೆಸರಲ್ಲ. ನಾಳದ ಗೋಡೆಯಲ್ಲಿರುವ ಸ್ನಾಯುಕೋಶಗಳು ದೀರ್ಘಕಾಲದ ಉರಿಯೂತದಲ್ಲಿ ತಮ್ಮ ಕಸುಬನ್ನೇ ಬದಲಿಸಿ ಮೂಳೆ ಕಟ್ಟುವ ಕೋಶಗಳಂತೆ ನಡೆದುಕೊಳ್ಳತೊಡಗುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ತಂಬಾಕು ಇದಕ್ಕೆ ಇಂಬು ಕೊಡುತ್ತವೆ. ಎಲೆಅಡಿಕೆಯ ಡಬ್ಬಿಯಲ್ಲಿ ದೂರಬೇಕಾದದ್ದು ಹೊಗೆಸೊಪ್ಪನ್ನು. ವಿಚಿತ್ರವೆಂದರೆ, ಪೂರ್ತಿ ಸುಣ್ಣಗಟ್ಟಿದ ಗಡ್ಡೆ ತಟ್ಟನೆ ಒಡೆದು ಹೃದಯಾಘಾತ ತರುವ ಸಂಭವ ಮೆತ್ತನೆಯ ಗಂಜಿಗಡ್ಡೆಗಿಂತ ಕಡಿಮೆ. ಕೊಲೆಸ್ಟೆರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗುವವರಲ್ಲಿ ಸುಣ್ಣದ ಅಂಶ ತುಸು ಏರುವುದೂ ಉಂಟು. ಗಡ್ಡೆ ಗಟ್ಟಿಯಾಗಿ ತಣ್ಣಗಾಗುತ್ತಿದೆ ಎಂದೇ ಅದರ ಅರ್ಥ. ಸುಣ್ಣದ ನಿಜವಾದ ಕಾಟ ಬೇರೆ: ನಾಳವನ್ನು ಅಗಲಿಸಲು ಹೋದರೆ ಅದು ಜಗ್ಗುವುದಿಲ್ಲ.

ಜಗ್ಗದಿರುವುದು ಎಂದರೇನು ಎಂಬುದು ಅಣ್ಣನಿಗೆ ಮೊದಲ ಆಸ್ಪತ್ರೆಯಲ್ಲೇ ತಿಳಿಯಿತು. ಆರು ತಿಂಗಳು ಮಾತ್ರೆ ನುಂಗಿದ್ದರು. ಇದು ಹೇಳಲೇಬೇಕಾದ ಮಾತು. ಎದೆನೋವು ಸ್ಥಿರವಾಗಿರುವವರಿಗೆ ಮೊದಲು ಒಳ್ಳೆಯ ಔಷಧಿ ಕೊಟ್ಟು ನೋಡುವುದರಿಂದ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು 2007ರ ಕರೇಜ್ ಅಧ್ಯಯನವೂ, 5,179 ರೋಗಿಗಳನ್ನು ಸೇರಿಸಿಕೊಂಡು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನವೂ ತೋರಿಸಿವೆ. ನಮ್ಮಲ್ಲಿ ಆಂಜಿಯೋಗ್ರಫಿಯ ಮೇಜಿನ ಮೇಲೆಯೇ 'ಈಗಲೇ ಸ್ಟೆಂಟ್ ಹಾಕಿಬಿಡೋಣ' ಎನ್ನುವ ಅವಸರ ಇನ್ನೂ ಹೋಗಿಲ್ಲ. ಅಣ್ಣನ ವಿಷಯದಲ್ಲಿ ಅವಸರವಾಗಲಿಲ್ಲ. ಆದರೆ ಮಾತ್ರೆಗಳಿಂದ ನೋವು ನಿಲ್ಲಲೂ ಇಲ್ಲ. ಸೇತುವೆಯ ಮೆಟ್ಟಿಲು ಇರಲಿ, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗಲೂ ಎದೆ ಹಿಡಿಯತೊಡಗಿತು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳವಾದ ಎಲ್‌ಎಡಿಯಲ್ಲಿ ಬಿಗಿಯಾದ ತಡೆ, ಉಳಿದ ಎರಡರಲ್ಲಿ ಅಲ್ಪಸ್ವಲ್ಪ.

ಉಪನಗರದ ಆ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ತಂತಿ ಹಾಯಿಸಿದರು. ತಂತಿ ದಾಟಿತು. ಒಂದೂವರೆ ಮಿಲಿಮೀಟರಿನ ಪುಟ್ಟ ಬಲೂನು ತಿಣುಕಿ ದಾಟಿತು. ಎರಡು ಮಿಲಿಮೀಟರಿನದು ಅರ್ಧಕ್ಕೆ ಸಿಕ್ಕಿಕೊಂಡಿತು. ಅಲ್ಲೇ ಅದನ್ನು ಉಬ್ಬಿಸಿದರು, ಒತ್ತಡವನ್ನು 20 ಅಟ್ಮಾಸ್ಫಿಯರಿನವರೆಗೆ ಏರಿಸಿದರು. ಅದು ಕಾರಿನ ಟಯರಿನ ಗಾಳಿಯ ಸುಮಾರು ಒಂಬತ್ತು ಪಟ್ಟು. ಪರದೆಯ ಮೇಲೆ ಬಲೂನು ಡಮರುವಿನಂತೆ ಕಂಡಿತಂತೆ: ಎರಡೂ ತುದಿ ಉಬ್ಬಿದೆ, ನಡು ಹಿಡಿದೇ ಇದೆ. ಆ ನಡುವಿಗೆ ಸುತ್ತಿದ್ದು ಸುಣ್ಣದ ಬಳೆ. ವೈದ್ಯರು ಅಲ್ಲಿಗೆ ಕೈಬಿಟ್ಟರು.

ಮನೆಯವರಿಗೆ ಇದು ಸೋಲಾಗಿ ಕಂಡಿತು. ಬಿಲ್ಲು ಕಟ್ಟಿ ಬರಿಗೈಯಲ್ಲಿ ಬಂದೆವು ಎಂದು ಅಳಿಯ ಗೊಣಗಿದರು. ಆದರೆ ಅಂದು ಮೇಜಿನ ಬಳಿ ನಡೆದ ಒಳ್ಳೆಯ ಕೆಲಸವೇ ಅದು. ಒಡೆಯದ ಸುಣ್ಣದ ಬಳೆಯೊಳಗೆ ಸ್ಟೆಂಟ್ ಕೂರಿಸಿದರೆ ಅದೂ ಡಮರುವಾಗುತ್ತದೆ. ಅರ್ಧ ಅರಳಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ, ನಾಳ ಮತ್ತೆ ಕಟ್ಟುವ ಅಪಾಯ ಹೆಚ್ಚು. ಬಲೂನನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಸ್ಟೆಂಟನ್ನು ಆಗದು. ಸ್ಟೆಂಟ್ ಎಂಬುದಕ್ಕೆ ಕನ್ನಡದಲ್ಲಿ 'ಸ್ಪ್ರಿಂಗ್' ಎನ್ನುವ ರೂಢಿಯಿದೆ, ಹಾಗಾಗಿ ಬೇಡವೆಂದರೆ ತೆಗೆಯಬಹುದು ಎಂದು ಜನ ತಿಳಿಯುತ್ತಾರೆ. (ಆ ಹೆಸರಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲ. 19ನೇ ಶತಮಾನದಲ್ಲಿ ಹಲ್ಲಿನ ಅಚ್ಚು ತೆಗೆಯಲು ಒಂದು ಪದಾರ್ಥ ತಯಾರಿಸಿದ ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಹೆಸರು ಅದು.)

ಊರಿನಿಂದ ಫೋನುಗಳು ಬಂದವು. ಮಣಿಪಾಲಕ್ಕೆ ಬನ್ನಿ ಎಂದರು ಕೆಲವರು, ಬೆಂಗಳೂರಿನ ಜಯದೇವಕ್ಕೆ ಹೋಗಿ ಎಂದರು ಕೆಲವರು. ಬೈಪಾಸ್ ಮಾಡಿಸಿಬಿಡಿ ಎಂದವರೂ ಇದ್ದರು. ಈ ಕೊನೆಯ ಸಲಹೆ ಹುರುಳಿಲ್ಲದ್ದೇನಲ್ಲ. ಸಕ್ಕರೆ ಕಾಯಿಲೆಯಿದ್ದು ಹಲವು ನಾಳಗಳು ಕಟ್ಟಿದವರಿಗೆ ಸ್ಟೆಂಟಿಗಿಂತ ಬೈಪಾಸ್ ಮೇಲು ಎಂದು 2012ರಲ್ಲಿ ಹೊರಬಂದ ಫ್ರೀಡಂ ಅಧ್ಯಯನ ಸ್ಪಷ್ಟವಾಗಿ ತೋರಿಸಿತು. ಅಣ್ಣನಿಗೆ ಮೂರೂ ನಾಳ ಬಿಗಿಯಾಗಿ ಕಟ್ಟಿದ್ದರೆ ಈ ಬರಹ ಬೇರೆ ದಾರಿ ಹಿಡಿಯುತ್ತಿತ್ತು. ಕಟ್ಟಿದ್ದು ಒಂದೇ. ಎದೆಗೂಡು ತೆರೆಯುವುದಕ್ಕೆ ಅವರಿಗೂ ಮನಸ್ಸಿರಲಿಲ್ಲ. ನಗರದ ದಕ್ಷಿಣಕ್ಕೆ, ಮನೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಯ ಹೃದ್ರೋಗ ತಜ್ಞರು ಸಿ.ಡಿ. ನೋಡಿ ಎರಡು ಉಪಾಯಗಳನ್ನು ಒಟ್ಟಿಗೆ ಬಳಸೋಣ ಎಂದರು. ಮೊದಲು ಕೊರೆಯುವುದು, ಆಮೇಲೆ ಅದುರಿಸಿ ಒಡೆಯುವುದು.

'ಎಂಥ ಮಗಾ, ಹೃದಯಕ್ಕೆ ಬೋರ್‌ವೆಲ್ ಹೊಡ್ಸೂದಾ?' ಎಂದು ಅಣ್ಣ ಮಗಳನ್ನು ಕೇಳಿದ್ದು ಆಗ.

ಬೋರ್‌ವೆಲ್ ಎಂದದ್ದು ತಮಾಷೆಗಾದರೂ ಹೋಲಿಕೆ ಸರಿಯಾಗಿಯೇ ಇತ್ತು. ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯ 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಮೊದಲ ಬಾರಿ ಮನುಷ್ಯನ ಹೃದಯದ ನಾಳವನ್ನು ಬಲೂನಿನಿಂದ ಅಗಲಿಸಿದ. ಅದಕ್ಕೆ ಮೊದಲಿನ ಬಲೂನುಗಳನ್ನು ಅವನು ತನ್ನ ಮನೆಯ ಅಡುಗೆಮನೆಯ ಮೇಜಿನ ಮೇಲೆ ತಯಾರಿಸಿಕೊಂಡಿದ್ದ. ಬಲೂನು ಮೆತ್ತನೆಯ ಗಡ್ಡೆಯನ್ನು ಪಕ್ಕಕ್ಕೆ ಒತ್ತಬಲ್ಲದು, ಕಲ್ಲಾದದ್ದಕ್ಕೆ ಅದು ಸಾಲದು ಎಂಬುದು ಬೇಗನೆ ತಿಳಿಯಿತು. ಸಿಯಾಟಲ್‌ನ ಎಂಜಿನಿಯರ್ ಡೇವಿಡ್ ಆತ್ ರೂಪಿಸಿದ ರೋಟಾಬ್ಲೇಟರ್ ಎಂಬ ಉಪಕರಣಕ್ಕೆ ಅಮೆರಿಕದಲ್ಲಿ 1993ರಲ್ಲಿ ಅನುಮತಿ ಸಿಕ್ಕಿತು. ಅದರ ತುದಿಯಲ್ಲಿ ಆಲಿವ್ ಕಾಯಿಯ ಆಕಾರದ, ಎಳ್ಳುಕಾಳಿಗಿಂತ ಬಹಳ ದೊಡ್ಡದಲ್ಲದ ಹಿತ್ತಾಳೆಯ ಮೊಗ್ಗು ಇದೆ. ಮುಂಭಾಗಕ್ಕೆ ವಜ್ರದ ಪುಡಿ ಮೆತ್ತಿದೆ. ಗಾಳಿಯ ಒತ್ತಡದಿಂದ ತಿರುಗುವ ಟರ್ಬೈನು ಅದನ್ನು ನಿಮಿಷಕ್ಕೆ 1,40,000ದಿಂದ 1,80,000 ಸುತ್ತು ತಿರುಗಿಸುತ್ತದೆ. ಮನೆಯ ಮಿಕ್ಸಿ ಹೆಚ್ಚೆಂದರೆ 20,000ದ ಆಸುಪಾಸು.

ಅಷ್ಟು ವೇಗದಲ್ಲಿ ತಿರುಗುವ ವಜ್ರ ನಾಳವನ್ನೇ ಕತ್ತರಿಸದೆ ಬಿಡುವುದು ಹೇಗೆ? ಬಡಗಿಯ ಮರಳುಕಾಗದವನ್ನು ಉಗುರಿಗೆ ಉಜ್ಜಿದರೆ ಉಗುರು ಸವೆಯುತ್ತದೆ, ಅಷ್ಟೇ ಮೃದುವಾಗಿ ಬೆರಳತುದಿಗೆ ತಾಕಿಸಿದರೆ ಚರ್ಮ ಒಳಕ್ಕೆ ಜಗ್ಗಿಕೊಂಡು ಪಾರಾಗುತ್ತದೆ. ಇಲ್ಲಿಯೂ ಅದೇ. ಜಗ್ಗುವ ಜೀವಂತ ಗೋಡೆ ಸರಿದುಕೊಳ್ಳುತ್ತದೆ, ಜಗ್ಗದ ಸುಣ್ಣ ಸವೆಯುತ್ತದೆ. ಹಾಗೆ ಉದುರುವ ಪುಡಿಯ ಬಹುಪಾಲು ಕೆಂಪುರಕ್ತಕಣಕ್ಕಿಂತ ಸಣ್ಣದು, ಆದ್ದರಿಂದ ರಕ್ತದೊಂದಿಗೆ ತೇಲಿ ಹೋಗುತ್ತದೆ. ಅತಿಯಾಗಿ ಕೊರೆದರೆ ಪುಡಿ ಹೆಚ್ಚಾಗಿ ಮುಂದಿನ ಸಣ್ಣ ನಾಳಗಳಲ್ಲಿ ಹರಿವು ನಿಧಾನವಾಗಬಹುದು. ಅದಕ್ಕೇ ಒಂದು ಬಾರಿಗೆ ಹದಿನೈದಿಪ್ಪತ್ತು ಸೆಕೆಂಡು ಮಾತ್ರ. ಮೊಗ್ಗನ್ನು ಬಲವಾಗಿ ನೂಕಬಾರದು, ಹಕ್ಕಿ ಕಾಳು ಕುಕ್ಕಿದಂತೆ ಮುಂದೆ ಹಿಂದೆ ಆಡಿಸಬೇಕು.

ಆದರೆ ಕೊರೆತಕ್ಕೂ ಮಿತಿಯಿದೆ. ಒಂದೂವರೆ ಮಿಲಿಮೀಟರಿನ ಮೊಗ್ಗು ಕೊಡುವುದು ಒಂದೂವರೆ ಮಿಲಿಮೀಟರಿನ ಸುರಂಗವನ್ನು. ತಂತಿ ಎತ್ತ ವಾಲಿದೆಯೋ ಅತ್ತಲಿನ ಮೇಲ್ಪದರ ಸವೆಯುತ್ತದೆ, ಗೋಡೆಯ ಆಳದಲ್ಲಿರುವ ಸುಣ್ಣ ಹಾಗೇ ಉಳಿಯುತ್ತದೆ. ಎರಡನೆಯ ಉಪಾಯ ಬೇಕಾಗುವುದು ಇಲ್ಲಿ.

ಅದು ಬಂದದ್ದು ಮೂತ್ರಪಿಂಡದ ಕಲ್ಲಿನಿಂದ. ಜರ್ಮನಿಯ ಡಾರ್ನಿಯರ್ ವಿಮಾನದ ಕಂಪನಿ. ಅತಿವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹದಲ್ಲಿ ಆಗುವ ಹಾನಿಯನ್ನು ಪರಿಶೀಲಿಸುತ್ತಿದ್ದಾಗ ಆಘಾತದ ಅಲೆಗಳ ಗುಣ ಅವರ ಗಮನಕ್ಕೆ ಬಂತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಯ ಮೂತ್ರಪಿಂಡದ ಕಲ್ಲನ್ನು ಮೈ ಕೊಯ್ಯದೆ ಅಲೆಗಳಿಂದ ಒಡೆದರು. ಲಿಥೋಟ್ರಿಪ್ಸಿ ಎಂದರೆ ಕಲ್ಲು ಅರೆಯುವುದು. ಅದೇ ಅಲೆಯನ್ನು ಹೃದಯದ ನಾಳದೊಳಗಿನ ಬಲೂನಿನಲ್ಲಿ ಹುಟ್ಟಿಸುವ ಶಾಕ್‌ವೇವ್ ಉಪಕರಣಕ್ಕೆ ಅಮೆರಿಕದಲ್ಲಿ ಹೃದಯಕ್ಕೆ ಬಳಸುವ ಅನುಮತಿ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಉಪ್ಪುನೀರು ಮತ್ತು ಬಣ್ಣದ ದ್ರವ ತುಂಬಿದ ಬಲೂನನ್ನು ಬರೀ 4 ಅಟ್ಮಾಸ್ಫಿಯರಿಗೆ ಉಬ್ಬಿಸುತ್ತಾರೆ. ಒಳಗೆ ಪುಟ್ಟ ಕಿಡಿ ಹಾರಿ ದ್ರವ ಆವಿಯಾಗಿ ಗುಳ್ಳೆ ಹುಟ್ಟುತ್ತದೆ, ಸುಮಾರು 50 ಅಟ್ಮಾಸ್ಫಿಯರಿನಷ್ಟು ಬಲದ ಅಲೆ ಕ್ಷಣಮಾತ್ರ ಗೋಡೆಯನ್ನು ಹಾದುಹೋಗುತ್ತದೆ. ಮೆತ್ತನೆಯ ಅಂಗಾಂಶ ಅದನ್ನು ದಾಟಲು ಬಿಡುತ್ತದೆ, ಸುಣ್ಣ ಬಿರುಕು ಬಿಡುತ್ತದೆ. ಸೆಕೆಂಡಿಗೊಂದರಂತೆ ಹತ್ತು ಬಡಿತ, ಬಿಡುವು, ಮತ್ತೆ ಹತ್ತು. 431 ರೋಗಿಗಳ ಡಿಸ್ರಪ್ಟ್ ಕ್ಯಾಡ್ 3 ಅಧ್ಯಯನದಲ್ಲಿ ಈ ಚಿಕಿತ್ಸೆ ಶೇ. 92ಕ್ಕೂ ಹೆಚ್ಚು ಮಂದಿಯಲ್ಲಿ ಯಶಸ್ವಿಯಾಯಿತು.

ಈ ಬಲೂನು ತುಸು ದಪ್ಪ. ಬಿಗಿದ ಜಾಗವನ್ನು ತಾನಾಗಿ ದಾಟಲಾರದು. ಕೊರೆಯುವುದು ದಾರಿ ಮಾಡಿಕೊಡುತ್ತದೆ ಆದರೆ ಆಳಕ್ಕೆ ಮುಟ್ಟದು, ಅಲೆ ಆಳಕ್ಕೆ ಮುಟ್ಟುತ್ತದೆ ಆದರೆ ದಾರಿ ಬೇಕು. ಎರಡನ್ನೂ ಸೇರಿಸಿದ್ದಕ್ಕೆ ವೈದ್ಯರು 'ರೋಟಾಟ್ರಿಪ್ಸಿ' ಎಂಬ ಜೋಡುಪದ ಕಟ್ಟಿಕೊಂಡಿದ್ದಾರೆ. ಜೋಡಿಗೆ ಇರುವ ಆಧಾರ ಹೆಚ್ಚಿನಂಶ ಆಸ್ಪತ್ರೆಗಳ ಅನುಭವದ ವರದಿಗಳು. ದೊಡ್ಡ ಪ್ರಮಾಣದ ಹೋಲಿಕೆಯ ಅಧ್ಯಯನಗಳ ಬಲ ಅದಕ್ಕೆ ಬಿಡಿ ಉಪಾಯಗಳಷ್ಟು ಇಲ್ಲ. ಸುಣ್ಣ ಕಂಡಲ್ಲೆಲ್ಲ ಯಂತ್ರ ಬೇಕು ಎಂಬುದೂ ಸರಿಯಲ್ಲ. ಕೊರೆಯುವ ಇನ್ನೊಂದು ಉಪಕರಣವನ್ನು ಅಮೆರಿಕದ ಎಕ್ಲಿಪ್ಸ್ ಅಧ್ಯಯನ 2,005 ರೋಗಿಗಳಲ್ಲಿ ಪರೀಕ್ಷಿಸಿತು. ಬಲೂನು ಸಾಕಾಗಬಹುದಾದವರಿಗೆ ವಾಡಿಕೆಯಂತೆ ಕೊರೆದುದರಿಂದ ಒಂದು ವರ್ಷದ ಕೊನೆಗೆ ಲಾಭವೇನೂ ಕಾಣಲಿಲ್ಲ. ದುಬಾರಿ ಉಪಕರಣ ಕೈಯಲ್ಲಿರುವವರಿಗೆ ಎಲ್ಲ ಕಲ್ಲೂ ಬಂಡೆಯಾಗಿ ಕಾಣುವ ಅಪಾಯವಿದೆ. ಅಣ್ಣನ ನಾಳದಲ್ಲಿ ಬಲೂನು ಸೋತದ್ದು ಆಗಲೇ ಕಂಡಾಗಿತ್ತು, ಆದ್ದರಿಂದ ಆ ಪ್ರಶ್ನೆ ಏಳಲಿಲ್ಲ.

ಎದ್ದ ಪ್ರಶ್ನೆ ಒಪ್ಪಿಗೆ ಪತ್ರದ್ದು. ಐದು ಪುಟ, ಇಂಗ್ಲಿಷಿನಲ್ಲಿ. ಕೇಳಿದರೆ ಮರಾಠಿ, ಹಿಂದಿ ಪ್ರತಿಗಳೂ ಇದ್ದವು. ಅಣ್ಣ ಐವತ್ತೈದು ವರ್ಷಗಳಿಂದ ಈ ಊರಿನಲ್ಲಿ ಬೇಳೆಕಾಳು, ಗ್ಯಾಸು, ಲೈಸೆನ್ಸು, ಜಗಳ ಎಲ್ಲವನ್ನೂ ಮರಾಠಿ ಹಿಂದಿಯಲ್ಲೇ ನಡೆಸಿದವರು. ಆದರೆ ಓದುವುದು 'ಕರ್ನಾಟಕ ಮಲ್ಲ'ವನ್ನು. ಆಡುವ ಭಾಷೆ ಬೇರೆ, ಓದಿ ನಂಬುವ ಭಾಷೆ ಬೇರೆ. ವೈದ್ಯರು ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಪಕ್ಕದಲ್ಲಿ ಕೂತು ಕನ್ನಡ ಮಾಡುತ್ತಿದ್ದಳು. ನಾಳ ತೂತಾಗಬಹುದು, ಮೊಗ್ಗು ಸಿಕ್ಕಿಕೊಳ್ಳಬಹುದು, ತುರ್ತಾಗಿ ಎದೆ ತೆರೆಯಬೇಕಾಗಬಹುದು, ಜೀವಕ್ಕೂ ಅಪಾಯವಾಗಬಹುದು ಎಂದು ವೈದ್ಯರು ಒಂದೊಂದಾಗಿ ಹೇಳಿದರು. ಮಗಳ ಕನ್ನಡದಲ್ಲಿ ಅದು 'ಸ್ವಲ್ಪ ರಿಸ್ಕ್ ಇತ್ತ್ ಅಂಬ್ರ್, ಅಪ್ಪಯ್ಯ' ಎಂದಷ್ಟೇ ಆಯಿತು.

ಅನುವಾದದಲ್ಲಿ ಇಂಥ ಮೊಟಕು ಪ್ರೀತಿಯಿಂದ ಆಗುತ್ತದೆ. ಮನೆಯವರನ್ನು ದುಭಾಷಿಯಾಗಿ ಕೂರಿಸಿಕೊಂಡ ಆಸ್ಪತ್ರೆಗಳಲ್ಲೆಲ್ಲ ದಿನಾ ನಡೆಯುತ್ತದೆ. ಕೇಳುವವರಿಗೆ ಮೂಲ ಭಾಷೆಯೂ ಬರುತ್ತದೆ ಎಂಬುದನ್ನು ಮಗಳು ಆ ಗಳಿಗೆಯಲ್ಲಿ ಮರೆತಿದ್ದಳು. ಅಣ್ಣ ಅವಳಿಗೆ ತಲೆಯಾಡಿಸಿದರು. ಆಮೇಲೆ ವೈದ್ಯರತ್ತ ತಿರುಗಿ, ಗಲ್ಲಾಪೆಟ್ಟಿಗೆಯ ಹಿಂದಿನ ಹಳೆಯ ದನಿಯಲ್ಲಿ, 'ಛೇದ್ ಹೋ ಗಯಾ ತೋ ಕ್ಯಾ ಕರೋಗೆ, ಡಾಕ್ಟರ್ ಸಾಬ್?' ಎಂದು ಕೇಳಿದರು.

ವೈದ್ಯರು ಪೆನ್ನು ಕೆಳಗಿಟ್ಟರು. ನೂರರಲ್ಲಿ ಒಬ್ಬರಿಗೆ ಆಗಬಹುದು ಕಾಕಾ, ಎಂದರು. ಆದರೆ ಒಳಗೇ ಬಲೂನು ಒತ್ತಿ ಹಿಡಿಯುತ್ತೇವೆ, ಬಟ್ಟೆ ಹೊದಿಸಿದಂಥ ಸ್ಟೆಂಟ್ ಮೇಜಿನ ಪಕ್ಕದಲ್ಲೇ ಇರುತ್ತದೆ, ಶಸ್ತ್ರಚಿಕಿತ್ಸೆಯವರಿಗೆ ತಿಳಿಸಿರುತ್ತೇವೆ. ಮಾಡಿಸದಿದ್ದರೆ? ಮಾತ್ರೆಯಲ್ಲೇ ಮುಂದುವರಿಯಬಹುದು, ನೋವಿನೊಂದಿಗೆ ಬದುಕಬೇಕಾಗುತ್ತದೆ. ಒಟ್ಟು ಹತ್ತು ನಿಮಿಷದ ಮಾತು. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಅಣ್ಣ ಕನ್ನಡದಲ್ಲಿ ಸಹಿ ಹಾಕಿದರು.

ಅಂದಿನ ಕೆಲಸ ಎರಡು ಗಂಟೆ ಹಿಡಿಯಿತು. ಮೊಗ್ಗು ದಾಟಿದ ಮೇಲೆ ಓಸಿಟಿ ಎಂಬ ಬೆಳಕಿನ ಕ್ಯಾಮೆರಾ ಒಳಗೆ ಕಳಿಸಿ ನಾಳದ ಗೋಡೆಯನ್ನು ನೋಡಿದರು. ಸುಣ್ಣ ಸುತ್ತಳತೆಯಲ್ಲಿ 180 ಡಿಗ್ರಿಗಿಂತ ಹೆಚ್ಚು, ದಪ್ಪ ಅರ್ಧ ಮಿಲಿಮೀಟರಿಗಿಂತ ಹೆಚ್ಚು, ಉದ್ದ 5 ಮಿಲಿಮೀಟರಿಗಿಂತ ಹೆಚ್ಚು ಇದ್ದರೆ ಸ್ಟೆಂಟ್ ಸರಿಯಾಗಿ ಅರಳುವುದಿಲ್ಲ ಎಂಬುದು ಅವರ ಲೆಕ್ಕ. ಅಣ್ಣನದು ಮೂರನ್ನೂ ಮೀರಿತ್ತು, ಸುತ್ತಳತೆಯಲ್ಲಿ ಸುಮಾರು 300 ಡಿಗ್ರಿ. ಸುರಂಗದಲ್ಲಿ ಅಲೆಯ ಬಲೂನು ಸಲೀಸಾಗಿ ಹೋಯಿತು. ಎಂಟು ಸುತ್ತು, 80 ಬಡಿತ. ಬಡಿತದ ಜತೆಗೆ ಹೃದಯವೂ ಕೆಲವೊಮ್ಮೆ ತಾಳ ತಪ್ಪಿ ಅದಕ್ಕೇ ಓಗೊಡುತ್ತದೆ, ಇಸಿಜಿಯಲ್ಲಿ ಕಾಣುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ. ಮತ್ತೆ ಕ್ಯಾಮೆರಾ: ಬಳೆ ಮೂರು ಕಡೆ ಸೀಳಿತ್ತು. ಆಮೇಲೆ ಮಾಮೂಲಿ ಬಲೂನು, ಸ್ಟೆಂಟ್. ಡಮರುವಿನ ನಡು ಇರಲಿಲ್ಲ.

ಅಣ್ಣ ಇಡೀ ಹೊತ್ತು ಎಚ್ಚರವಾಗಿದ್ದರು. ಕೇಳಿದ್ದು ದಂತವೈದ್ಯರ ಯಂತ್ರದಂಥ ಸಿಳ್ಳೆ, ಆಮೇಲೆ ಟಕ್ ಟಕ್ ಸದ್ದು. 'ಚಟ್ನಿ ಅರೂ ಮಿಕ್ಸಿಗಿಂತ ಸಣ್ಣ ಶಬ್ದ' ಎಂಬುದು ಅವರ ವರದಿ.

ದುಡ್ಡಿನ ಮಾತು ಬಿಡುವಂತಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿದಾಗ ಮಧ್ಯಮ ವರ್ಗ ಉಸಿರು ಬಿಟ್ಟಿತು. ಆ ಮಿತಿ ಸ್ಟೆಂಟಿಗೆ ಹಾಕಿದ್ದು. ವಜ್ರದ ಮೊಗ್ಗು, ಅಲೆಯ ಬಲೂನು ಒಮ್ಮೆ ಬಳಸಿ ಎಸೆಯುವಂಥವು, ಅವುಗಳ ಬೆಲೆ ಸ್ಟೆಂಟಿನ ಹಲವು ಪಟ್ಟು. ಅಣ್ಣನ ಬಿಲ್ಲಿನಲ್ಲಿ ಎದೆಯಲ್ಲಿ ಉಳಿದದ್ದಕ್ಕಿಂತ ಕಸದ ಬುಟ್ಟಿಗೆ ಹೋದದ್ದೇ ದುಬಾರಿ. ವಿಮೆಯವರು ಎರಡು ಸಲ ಪ್ರಶ್ನೆ ಕಳಿಸಿದರು, ಮೊದಲ ಆಸ್ಪತ್ರೆಯ ಡಮರುವಿನ ಚಿತ್ರ ಕಳಿಸಿದ ಮೇಲೆ ಒಪ್ಪಿದರು. ವಿಮೆಯಿಲ್ಲದ ಕ್ಯಾಂಟೀನ್ ಹುಡುಗನಿಗೆ ಎಪ್ಪತ್ತರಲ್ಲಿ ಇದೇ ತಡೆ ಬಂದರೆ ಅವನ ಪಾಲಿಗೆ ಉಳಿಯುವುದು ಮಾತ್ರೆ, ಇಲ್ಲವೇ ಸರಕಾರಿ, ಪಾಲಿಕೆ ಆಸ್ಪತ್ರೆಯ ಸರದಿ.

ಈಗ ದಿನಕ್ಕೆ ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆ, ಜತೆಗೆ ಸ್ಟಾಟಿನ್. ಹಲ್ಲು ಕೀಳಿಸುವುದಿದ್ದರೂ ಮೊದಲು ಹೃದಯದ ವೈದ್ಯರನ್ನು ಕೇಳಬೇಕು. ಹಾಲು, ರಾಗಿ ಅಂಬಲಿ ಮನೆಗೆ ವಾಪಸು ಬಂದಿವೆ. ಹೊಗೆಸೊಪ್ಪು ಹೋಗಿದೆ, ಸುಣ್ಣದ ಡಬ್ಬಿ ಕಪಾಟಿನಲ್ಲಿ ಖಾಲಿ ಇದೆ.

ಕಳೆದ ತಿಂಗಳು ಕುಂದಾಪುರದಿಂದ ದಾಯಾದಿ ತಮ್ಮನ ಫೋನು ಬಂತು. ಅವನಿಗೂ ಆಂಜಿಯೋಗ್ರಾಂ ಆಗಿದೆ, 'ಭಾರಿ ಕ್ಯಾಲ್ಸಿಯಂ' ಎಂದಿದ್ದಾರೆ, ಬರುವ ಸೋಮವಾರ ಸ್ಟೆಂಟ್ ಹಾಕುತ್ತಾರಂತೆ. ಅಣ್ಣ ಆ ರಾತ್ರಿ ಕೂತು ವಾಟ್ಸಾಪಿನಲ್ಲಿ ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರು: ಎಷ್ಟು ನಾಳ ಕಟ್ಟಿದೆ ಕೇಳು, ಬೈಪಾಸ್ ಬೇಕಾ ಕೇಳು. ಬಲೂನು ಅರಳದಿದ್ದರೆ ಸ್ಟೆಂಟ್ ಹಾಕದೆ ನಿಲ್ಲಿಸುತ್ತೀರಾ ಕೇಳು. ಕೊರೆಯುವ, ಒಡೆಯುವ ಮೆಷಿನ್ ನಿಮ್ಮಲ್ಲಿ ಇದೆಯಾ ಕೇಳು. ಸುಣ್ಣ ಎಷ್ಟು ಡಿಗ್ರಿ ಅಂತ ಕೇಳು. ಮಗನ ಹತ್ರ ಕೇಳಿಸಬೇಡ, ನೀನೇ ಕೇಳು.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. 'ಅಣ್ಣಯ್ಯ, ಡಿಗ್ರಿ ಅಂದ್ರ್ ಎಂತ?'

ಅಣ್ಣ ಕನ್ನಡಕ ತೆಗೆದಿಟ್ಟು ಫೋನು ಹಚ್ಚಿದರು.